ಹಳೆಯ ಗಣಕಕ್ಕೊಂದು ಹೊಸ ಒಕ್ಕಲು

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ತನ್ನ ವಿಂಡೋಸ್ 10ಕ್ಕೆ ಹತ್ತು ವರ್ಷಗಳಿಂದ ಕೊಡುತ್ತಿದ್ದ ಬೆಂಬಲವನ್ನು ಕೊನೆಗೊಳಿಸಿತು. ಕಾಲಕಾಲಕ್ಕೆ ಬರುತ್ತಿದ್ದ ಭದ್ರತಾ ತಿದ್ದುಪಡಿಗಳು ಅಲ್ಲಿಂದ ಮುಂದೆ ತಾತ್ಕಾಲಿಕ ವಿಸ್ತರಣೆಗೆ ನೋಂದಾಯಿಸಿಕೊಂಡವರಿಗೆ ಮಾತ್ರ. ಮುಂದಿನ ಆವೃತ್ತಿಯಾದ ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವೂ ಸುಮಾರು 2018ರಿಂದೀಚಿನ ಪ್ರೊಸೆಸರೂ ಇರಬೇಕು. ಹೀಗಾಗಿ ಗುಂಡಿ ಒತ್ತಿದೊಡನೆ ಇಂದಿಗೂ ಚಾಲೂ ಆಗುವ, ಅಕ್ಷರ ಜೋಡಿಸುವ, ಲೆಕ್ಕ ಮಾಡುವ ಎಷ್ಟೋ ಯಂತ್ರಗಳು ಕಾಗದದ ಮೇಲೆ ಮುದಿಯಾಗಿಬಿಟ್ಟಿವೆ.

ಹೆದ್ದಾರಿ 66ರ ಮೇಲೆ ಒಂದರ ಹಿಂದೊಂದು ಬರುವ ಭಟ್ಕಳ, ಹೊನ್ನಾವರ, ಕುಮಟಾಗಳಂಥ ತಾಲೂಕು ಕೇಂದ್ರಗಳಿಗೆ ಇದು ದೂರದ ಸುದ್ದಿಯಲ್ಲ. ಲಗ್ನಪತ್ರಿಕೆ ಸಿದ್ಧಪಡಿಸುವ ಡಿ.ಟಿ.ಪಿ. ಕೇಂದ್ರ, ಅರ್ಜಿ ತುಂಬಿಕೊಡುವ ಜೆರಾಕ್ಸ್ ಅಂಗಡಿ, ಶಾಲೆಯ ಗಣಕ ಕೊಠಡಿ, ಮನೆಯ ಮೂಲೆಯ ಮೇಜು ಇಂಥ ಕಡೆಗಳಲ್ಲಿ ಯಂತ್ರವನ್ನು ಪೂರ್ತಿ ಕೆಡುವ ತನಕ ಬಳಸುವುದೇ ರೂಢಿ. ಅಂಥವರ ಮುಂದೆ ಮೂರು ದಾರಿಗಳಿವೆ. ಹೊಸ ಯಂತ್ರ ಕೊಳ್ಳುವುದು ಒಂದು. ಅಪಾಯವನ್ನು ಹೊತ್ತುಕೊಂಡು ಹಳೆಯದನ್ನೇ ಓಡಿಸುವುದು ಇನ್ನೊಂದು. ಯಂತ್ರವನ್ನು ಉಳಿಸಿಕೊಂಡು ಅದರೊಳಗಿನ ಒಕ್ಕಲನ್ನೇ ಬದಲಿಸುವುದು ಮೂರನೆಯದು. ಈ ಮೂರನೆಯ ದಾರಿಗೆ ಲಿನಕ್ಸ್ ಎಂದು ಹೆಸರು.

ಗಣಕದಲ್ಲಿ ಕಣ್ಣಿಗೆ ಕಾಣುವ ಭಾಗ ಯಂತ್ರಾಂಶ. ಅದನ್ನು ದುಡಿಸುವ ಸೂಚನೆಗಳು ತಂತ್ರಾಂಶ. ಇವೆರಡರ ನಡುವೆ ನಿಂತು ಕೀಲಿಮಣೆ, ಪರದೆ, ಡಿಸ್ಕು, ಪ್ರಿಂಟರುಗಳನ್ನು ಸಂಭಾಳಿಸುವ ಯಜಮಾನನೇ ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಮ್. ವಿಂಡೋಸ್ ಅಂಥದೊಂದು, ಲಿನಕ್ಸ್ ಇನ್ನೊಂದು. ಲಿನಕ್ಸಿನ ಮನೆತನ ಮಾತ್ರ ಬೇರೆ.

ಆ ಮನೆತನದ ಮೂಲಪುರುಷ ಯೂನಿಕ್ಸ್. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅದರ ರಚನೆಗೆ ತೊಡಗಿದರು. ಪ್ರಯೋಗಾಲಯದ ಒಡೆತನ ದೂರವಾಣಿ ಸಂಸ್ಥೆಯಾದ ಎ.ಟಿ. ಅಂಡ್ ಟಿ.ಯದು. 1956ರ ಒಂದು ಕಾನೂನು ಒಪ್ಪಂದದಂತೆ ಆ ಸಂಸ್ಥೆ ಗಣಕ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಆದ್ದರಿಂದ ಯೂನಿಕ್ಸ್ ಅಲ್ಪ ಶುಲ್ಕಕ್ಕೆ ವಿಶ್ವವಿದ್ಯಾಲಯಗಳನ್ನು ಸೇರಿತು, ಅದೂ ಮೂಲ ಬರಹದ ಸಮೇತ. ವಿದ್ಯಾರ್ಥಿಗಳು ಅದನ್ನು ಓದಿದರು, ತಿದ್ದಿದರು, ಬೆಳೆಸಿದರು. 1980ರ ದಶಕದಲ್ಲಿ ನಿರ್ಬಂಧ ಸಡಿಲಗೊಂಡು ಯೂನಿಕ್ಸ್ ವ್ಯಾಪಾರದ ಸರಕಾದಾಗ ಆ ಬಾಗಿಲು ಮುಚ್ಚತೊಡಗಿತು.

ಅದನ್ನು ಮತ್ತೆ ತೆರೆಯಲು ಹೊರಟವರು ರಿಚರ್ಡ್ ಸ್ಟಾಲ್‌ಮನ್. ಯೂನಿಕ್ಸಿನಂತೆಯೇ ನಡೆಯುವ, ಆದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಗ್ನೂ ಎಂಬ ವ್ಯವಸ್ಥೆಯ ಯೋಜನೆಯನ್ನು ಅವರು 1983ರಲ್ಲಿ ಸಾರಿದರು. ಬೇಕಾದ ಉಪಕರಣಗಳೆಲ್ಲ ಒಂದೊಂದಾಗಿ ಸಿದ್ಧವಾದವು. ಯಂತ್ರದೊಡನೆ ನೇರ ವ್ಯವಹರಿಸುವ ತಿರುಳು ಮಾತ್ರ ಕೈಗೂಡಿರಲಿಲ್ಲ. ಅದನ್ನು ಒದಗಿಸಿದ್ದು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್, 1991ರಲ್ಲಿ. ತಿರುಳಿನ ಹೆಸರು ಲಿನಕ್ಸ್. ಇಡೀ ವ್ಯವಸ್ಥೆಗೇ ಆ ಹೆಸರು ಅಂಟಿಕೊಂಡಿತು. ಗ್ನೂ ಬಳಗದವರಿಗೆ ಇಂದಿಗೂ ಇದು ಅಸಮಾಧಾನದ ಸಂಗತಿ. ಕುಮಟಾದವರಿಗೆ ಈ ತಕರಾರು ಬೇಗ ಅರ್ಥವಾದೀತು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡದ ಬಯಲಿನಲ್ಲಿ ಬೆಳೆದ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಪೇಟೆಯಲ್ಲಿ ಅದಕ್ಕೆ ಬಂದ ಹೆಸರು ಕುಮಟಾ ಹತ್ತಿ. ಬೆಳೆದ ಹೊಲದ ಹೆಸರು ಹಿಂದುಳಿಯಿತು, ಹೊರಟ ಬಂದರಿನ ಹೆಸರು ನಿಂತಿತು.

ಹೆಸರಿಗಿಂತ ಹಕ್ಕಿನ ಪ್ರಶ್ನೆ ದೊಡ್ಡದು. ಅಂಗಡಿಯಲ್ಲಿ ಹಣ ತೆತ್ತು ತರುವ ವಿಂಡೋಸ್ ಕೊಂಡವನ ಸ್ವತ್ತಾಗುವುದಿಲ್ಲ. ಅದು ಕೆಲವು ಷರತ್ತುಗಳ ಮೇಲೆ ಬಳಸಲು ದೊರೆಯುವ ಪರವಾನಗಿ. ಉತ್ತರ ಕನ್ನಡದವರಿಗೆ ಗೇಣಿಯ ವ್ಯವಹಾರವನ್ನು ಬಿಡಿಸಿ ಹೇಳಬೇಕಿಲ್ಲ. ಉಳುವವನು ಒಬ್ಬ, ಒಡೆಯ ಇನ್ನೊಬ್ಬ. ಕರಾರು ಮುಗಿಯುವ ದಿನವನ್ನು ಗೊತ್ತುಮಾಡುವವನು ಒಡೆಯ. ಅಕ್ಟೋಬರ್ 14ರಂದು ಆದದ್ದು ಇದೇ.

ಲಿನಕ್ಸಿನ ಪರವಾನಗಿ ಬೇರೆ ಜಾತಿಯದು. ಕುಮಟಾ ತಾಲೂಕಿನ ಹಳಕಾರದಲ್ಲಿ ಮುಂಬಯಿ ಪ್ರಾಂತದ ಕಾಲದಿಂದಲೂ ಊರವರೇ ನೋಡಿಕೊಳ್ಳುವ ಗ್ರಾಮ ಅರಣ್ಯವಿದೆ. ಊರವರು ಅಲ್ಲಿಂದ ಸೊಪ್ಪು, ದರಕು, ಸೌದೆ ತರಬಹುದು. ಆದರೆ ಎಲ್ಲರೂ ಸೇರಿ ಒಪ್ಪಿದ ಕಟ್ಟಳೆಯನ್ನು ಮೀರುವಂತಿಲ್ಲ. ಲಿನಕ್ಸಿನ ಕಟ್ಟಳೆಯ ಹೆಸರು ಜಿ.ಪಿ.ಎಲ್. ಯಾರು ಬೇಕಾದರೂ ಬಳಸಬಹುದು, ಒಳಗಿನ ಬರಹವನ್ನು ಓದಬಹುದು, ತಿದ್ದಬಹುದು, ಪ್ರತಿ ಮಾಡಿ ಹಂಚಬಹುದು. ತಿದ್ದಿದ್ದನ್ನು ಹಂಚುವಾಗ ಪಡೆಯುವವನಿಗೂ ಅದೇ ಹಕ್ಕುಗಳನ್ನು ಕೊಡಬೇಕು. ಸುತ್ತ ಬೇಲಿ ಹಾಕಿ ತನ್ನದೆನ್ನುವಂತಿಲ್ಲ. ಕಾಡಿನ ಸೌದೆ ತೆಗೆದಷ್ಟೂ ಕಡಿಮೆಯಾಗುತ್ತದೆ. ತಂತ್ರಾಂಶಕ್ಕೆ ಆ ಭಯವೂ ಇಲ್ಲ.

ಭಾರತದ ಸಾಮಾನ್ಯ ಬಳಕೆದಾರನ ಕೈಗೆ ಲಿನಕ್ಸ್ ತಲುಪಿದ ಬಗೆಯೂ ಸ್ವಾರಸ್ಯಕರ. ಮುಂಬಯಿ-ಮಂಗಳೂರುಗಳ ನಡುವೆ ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಅದಕ್ಕೂ ಎರಡು ವರ್ಷ ಮೊದಲೇ, 1996ರಲ್ಲಿ, ಪಿ.ಸಿ. ಕ್ವೆಸ್ಟ್ ಮಾಸಪತ್ರಿಕೆ ಲಿನಕ್ಸ್ ತುಂಬಿದ ಸಿ.ಡಿ.ಯನ್ನು ಸಂಚಿಕೆಯ ಜೊತೆ ಓದುಗರಿಗೆ ಹಂಚಿತು. ಅಂತರಜಾಲ ದುಬಾರಿಯಾಗಿ, ನಿಧಾನವಾಗಿದ್ದ ಆ ಕಾಲದಲ್ಲಿ ದೇಶದ ಎಷ್ಟೋ ಮಂದಿಗೆ ಲಿನಕ್ಸಿನ ಪರಿಚಯವಾದದ್ದು ಹೀಗೆ. ಇದರ ಹಿಂದಿದ್ದ ಅತುಲ್ ಚಿಟ್ನಿಸ್ (1962-2013) ಮುಂದೆ ಬೆಂಗಳೂರಿನಲ್ಲಿ ಮುಕ್ತ ತಂತ್ರಾಂಶದ ದೊಡ್ಡ ಸಮಾವೇಶಗಳಿಗೂ ಕಾರಣರಾದರು.

ಇಂದು ಸಿ.ಡಿ.ಯ ಜಾಗಕ್ಕೆ ಪೆನ್ ಡ್ರೈವ್ ಬಂದಿದೆ. ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್ ಮುಂತಾದ ಹೆಸರುಗಳಲ್ಲಿ ಸಿಗುವ ಸಿದ್ಧ ಕಟ್ಟುಗಳಿಗೆ ವಿತರಣೆಗಳೆಂದು ಹೆಸರು. ತಿರುಳು ಎಲ್ಲದರಲ್ಲೂ ಲಿನಕ್ಸೇ; ಮೇಲಿನ ಜೋಡಣೆ ಬೇರೆ ಬೇರೆ. ಬೇಕಾದುದನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಂಡು 8 ಜಿ.ಬಿ.ಯ ಪೆನ್ ಡ್ರೈವಿಗೆ ಬರೆಯಬೇಕು. ಕಡತವನ್ನು ಸುಮ್ಮನೆ ನಕಲು ಮಾಡಿದರೆ ಸಾಮಾನ್ಯವಾಗಿ ಕೆಲಸ ಸಾಗದು. ಪೆನ್ ಡ್ರೈವಿನಿಂದಲೇ ಗಣಕ ಎಚ್ಚರಗೊಳ್ಳುವಂತೆ ಬರೆದುಕೊಡುವ ಪುಟ್ಟ ತಂತ್ರಾಂಶಗಳಿವೆ. ಗಣಕದಲ್ಲಿ 4 ಜಿ.ಬಿ. ಸ್ಮೃತಿ ಇದ್ದರೆ ಸಾಮಾನ್ಯ ಕೆಲಸಕ್ಕೆ ಅಡ್ಡಿಯಿಲ್ಲ. 2 ಜಿ.ಬಿ. ಮಾತ್ರ ಇದ್ದರೆ ಎಕ್ಸ್‌ಎಫ್‌ಸಿಇಯಂಥ ಹಗುರ ಮುಖಪರದೆಯ ವಿತರಣೆಯನ್ನು ಆರಿಸಬೇಕು.

ಮುಂದಿನ ಹೆಜ್ಜೆಯನ್ನು ಯಾರೂ ಹಾರಿಸಕೂಡದು. ಫೋಟೋ, ಲೆಕ್ಕಪತ್ರ, ಮಕ್ಕಳ ಅಂಕಪಟ್ಟಿ ಹೀಗೆ ಬೇಕಾದ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ನಕಲು ತೆರೆಯುತ್ತದೆಯೇ ಎಂದು ನೋಡಬೇಕು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದರ ಮರುಪ್ರಾಪ್ತಿ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಸ್ಥಾಪನೆಯಲ್ಲಿ ಯಂತ್ರ ಹಾಳಾಗುವುದು ಅಪರೂಪ. ಬರಹಗಳನ್ನು ಕಳೆದುಕೊಳ್ಳುವುದು ಅಷ್ಟು ಅಪರೂಪವಲ್ಲ.

ಗಣಕವನ್ನು ಚಾಲೂ ಮಾಡುವಾಗ ಎಫ್ 12, ಎಫ್ 2ನಂಥ ಒಂದು ಕೀಲಿ ಒತ್ತಿದರೆ ಯಾವುದರಿಂದ ಎಚ್ಚರಗೊಳ್ಳಬೇಕೆಂದು ಅದು ಕೇಳುತ್ತದೆ. ಈ ಕೀಲಿ ತಯಾರಕರಿಂದ ತಯಾರಕರಿಗೆ ಬೇರೆ. ಪೆನ್ ಡ್ರೈವನ್ನು ಆರಿಸಿದರೆ ಹೆಚ್ಚಿನ ವಿತರಣೆಗಳು ಡಿಸ್ಕನ್ನು ಮುಟ್ಟದೆಯೇ ಓಡಿ ತೋರಿಸುತ್ತವೆ. ವೈಫೈ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಪ್ರಿಂಟರ್ ಕೆಲಸ ಮಾಡುತ್ತದೆಯೇ ಎಂದು ಆಗಲೇ ಪರೀಕ್ಷಿಸಬಹುದು. ಹಿಡಿಸದಿದ್ದರೆ ಪೆನ್ ಡ್ರೈವ್ ಕಿತ್ತು ಮತ್ತೆ ಚಾಲೂ ಮಾಡಿದರಾಯಿತು, ಎಲ್ಲವೂ ಮೊದಲಿನಂತೆ.

ಹಿಡಿಸಿದರೆ ಡಿಸ್ಕಿನಲ್ಲಿ ಜಾಗ ಹಂಚುವ ಕೆಲಸ. ಇದು ಮನೆ ಪಾಲು ಮಾಡಿದಂತೆ. ವಿಂಡೋಸನ್ನೂ ಉಳಿಸಿಕೊಳ್ಳುವವರು ಅದರೊಳಗಿಂದಲೇ ಅದರ ಪಾಲನ್ನು ಕುಗ್ಗಿಸಿ, ತೆರವಾದ ಜಾಗವನ್ನು ಲಿನಕ್ಸಿಗೆ ಕೊಡಬಹುದು. ಇಡೀ ಡಿಸ್ಕನ್ನು ಬಳಸು ಎಂದು ಒಪ್ಪಿದರೆ ಹಿಂದಿನದೆಲ್ಲ ಅಳಿಯುತ್ತದೆ. ಪರದೆಯ ಮೇಲಿನ ಈ ಒಂದು ಪ್ರಶ್ನೆಯನ್ನು ಎರಡು ಸಲ ಓದಿಯೇ ಉತ್ತರಿಸಬೇಕು. ಪಾಲಾಗುತ್ತಿರುವ ಹೊತ್ತಿಗೆ ವಿದ್ಯುತ್ ಹೋದರೆ ಯಾವ ಜಾಗ ಯಾರದೆಂಬ ಪಟ್ಟಿಯೇ ಅರ್ಧಕ್ಕೆ ನಿಂತೀತು. ಗಾಳಿಮಳೆಗೆ ತಂತಿಯ ಮೇಲೆ ಮರ ಬೀಳುವ ಆಷಾಢದ ಸಂಜೆಯಲ್ಲಿ, ಯು.ಪಿ.ಎಸ್. ಇಲ್ಲದೆ ಇದಕ್ಕೆ ಕೈಹಾಕದಿರುವುದು ಲೇಸು.

ಆ ಬಳಿಕ ಭಾಷೆ, ಕಾಲವಲಯ, ಬಳಕೆದಾರನ ಹೆಸರು, ಗುಪ್ತಪದಗಳನ್ನು ಕೇಳಿಕೊಂಡು ವ್ಯವಸ್ಥೆ ತನ್ನಷ್ಟಕ್ಕೆ ನೆಲೆಯೂರುತ್ತದೆ. ಕೊನೆಯಲ್ಲಿ ಗ್ರಬ್ ಎಂಬ ಪುಟ್ಟ ತಂತ್ರಾಂಶ ಡಿಸ್ಕನ್ನು ಸೇರುತ್ತದೆ. ಹೊನ್ನಾವರದ ಮೀನುಗಾರರು ಹೇಳುವಂತೆ ದೋಣಿಗೆ ಕಷ್ಟದ ಜಾಗ ಶರಾವತಿಯ ಅಳಿವೆ, ಹೂಳು ತುಂಬಿದ ಆ ಬಾಯಿ. ಅದನ್ನು ದಾಟಿದರೆ ಸಮುದ್ರ ಸಲೀಸು. ಗಣಕಕ್ಕೂ ಎಚ್ಚರಗೊಳ್ಳುವ ಮೊದಲ ಕ್ಷಣಗಳೇ ಅಳಿವೆ. ಯಾವ ವ್ಯವಸ್ಥೆ ಡಿಸ್ಕಿನ ಎಲ್ಲಿದೆ ಎಂದು ತಿಳಿದು ಅದನ್ನು ದಾಟಿಸುವುದು ಗ್ರಬ್. ಎರಡು ವ್ಯವಸ್ಥೆಗಳಿದ್ದರೆ ಯಾವುದು ಬೇಕೆಂದು ಕೇಳುವುದೂ ಅದೇ. ಎಲ್ಲ ಸರಿಯಿದ್ದರೆ ಸ್ಥಾಪನೆಗೆ ಹಿಡಿಯುವುದು ಅರ್ಧ ಗಂಟೆಯಿಂದ ಒಂದು ಗಂಟೆ.

ಇನ್ನು ಕನ್ನಡದ ಮಾತು. ಡೆಬಿಯನ್‌ನ ಚಿತ್ರರೂಪದ ಸ್ಥಾಪನಾ ಪರದೆಯ ಭಾಷಾಪಟ್ಟಿಯಲ್ಲಿಯೇ ಕನ್ನಡವಿದೆ. ಗುಬ್ಬಿ, ನವಿಲು, ಲೋಹಿತ್ ಎಂಬ ಮುಕ್ತ ಅಕ್ಷರಮಾದರಿಗಳು ಸಿಗುತ್ತವೆ. ಕೆ.ಪಿ. ರಾವ್ ಅವರ ಕೀಲಿಮಣೆಯನ್ನು ಆಧರಿಸಿದ, ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಕಗಪ ಎನಿಸಿಕೊಂಡ ವಿನ್ಯಾಸವೂ ಲಿನಕ್ಸಿನಲ್ಲಿದೆ. ನುಡಿಯಲ್ಲಿ ಬೆರಳು ಪಳಗಿದವರು ಹೊಸದಾಗಿ ಕಲಿಯುವುದು ಹೆಚ್ಚಿಲ್ಲ. ಕನ್ನಡದ ಜೊತೆಗೆ ಉರ್ದು, ಅರಬ್ಬಿ ಲಿಪಿಯಲ್ಲಿ ಬರೆಯುವ ನವಾಯತಿ, ಇಂಗ್ಲಿಷ್ ಎಲ್ಲ ಬೇಕಾಗುವ ಭಟ್ಕಳದಲ್ಲಿ ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಸಾಗುವ ಲಿಪಿಗಳನ್ನು ಒಂದೇ ಯಂತ್ರದಲ್ಲಿ ಬರೆಯಬಹುದು. ಇದಕ್ಕೆ ಆಧಾರ ಯೂನಿಕೋಡ್. ಜಗತ್ತಿನ ಪ್ರತಿ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಈ ಪದ್ಧತಿಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದೆ. ಅದರಲ್ಲಿ ಕಕಾರದ ಸಂಖ್ಯೆ 3221, ಯಾವ ಯಂತ್ರದಲ್ಲಾದರೂ.

ತೊಡಕಿರುವುದೂ ಇಲ್ಲಿಯೇ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಪದ್ಧತಿಯಲ್ಲಿ ಟೈಪಾದ ಕಡತಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ವೇಷ ತೊಡಿಸಲಾಗಿದೆ. ಆ ಅಕ್ಷರಮಾದರಿ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಸಂಘದ ನಡಾವಳಿ, ಯಕ್ಷಗಾನ ಪ್ರಸಂಗದ ಪ್ರತಿ, ಊರಿನ ಸ್ಮರಣಸಂಚಿಕೆ ಹೀಗೆ ಎಷ್ಟೋ ಬರಹ ಈ ವೇಷದಲ್ಲಿಯೇ ಉಳಿದಿರಬಹುದು. ಇವನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ; ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳುವುದರಿಂದ ಒಮ್ಮೆ ಓದಿ ತಿದ್ದಬೇಕು. ಹಳೆಯ ಯಂತ್ರ ಓಡುತ್ತಿರುವಾಗಲೇ ಈ ಕೆಲಸ ಮುಗಿಸುವುದು ಒಳ್ಳೆಯದು. ಲಿನಕ್ಸಿಗೆ ಹೋಗದೆ ಹೊಸ ವಿಂಡೋಸ್ ಕೊಳ್ಳುವವರಿಗೂ ಇದು ತಪ್ಪಿದ್ದಲ್ಲ.

ಲಿನಕ್ಸ್ ಎಲ್ಲರಿಗೂ ಒಗ್ಗುತ್ತದೆಂದು ಹೇಳುವಂತಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಇಡುವ ವ್ಯಾಪಾರಿಗೆ, ಪೇಜ್‌ಮೇಕರ್, ಕೋರೆಲ್ ಡ್ರಾಗಳನ್ನು ನಂಬಿದ ಮುದ್ರಕನಿಗೆ ವಿಂಡೋಸ್ ಬೇಕೇ ಬೇಕಾದೀತು. ಅಂಥವರಿಗೆ ಎರಡನ್ನೂ ಇಟ್ಟುಕೊಂಡು, ಅಂತರಜಾಲದ ಕೆಲಸವನ್ನೆಲ್ಲ ಲಿನಕ್ಸಿನಲ್ಲಿ ಮಾಡುವುದು ವಿವೇಕ. ಪತ್ರ ಬರೆಯುವ, ಅಂತರಜಾಲ ನೋಡುವ, ಪಾಠ ಕಲಿಯುವ ಮನೆ ಮತ್ತು ಶಾಲೆಗಳಿಗೆ ಅಷ್ಟು ಅಡಚಣೆಯಿಲ್ಲ.

ಶಾಲೆಗಳ ಮಟ್ಟಿಗೆ ಇದಕ್ಕೆ ನಿದರ್ಶನವೂ ಇದೆ. ಇದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋದರೆ ಸಿಗುವ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಗಣಕ ಪಾಠ ಕಲಿಯುವುದು ಲಿನಕ್ಸಿನ ಮೇಲೆ, ಕನ್ನಡದ ಪಠ್ಯಪುಸ್ತಕದಿಂದ. ಕೇರಳ ಸರಕಾರ 2001ರಲ್ಲಿ ತೊಡಗಿದ ಐ.ಟಿ. ಅಟ್ ಸ್ಕೂಲ್ ಯೋಜನೆ ಕೆಲವೇ ವರ್ಷಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಹೊರಳಿತು. 2017ರಿಂದ ಕೈಟ್ ಎಂಬ ಹೆಸರಿನಲ್ಲಿ ಆ ಕೆಲಸ ಮುಂದುವರಿದಿದೆ. ಶಿಕ್ಷಕರಿಗೆ ಮೊದಲು ತರಬೇತಿ ಕೊಟ್ಟದ್ದು ಅದರ ಯಶಸ್ಸಿಗೆ ದೊಡ್ಡ ಕಾರಣ.

ಕನ್ನಡದ ಲಿನಕ್ಸ್ ಇನ್ನೂ ಪೂರ್ಣವಾಗಿಲ್ಲ. ಪರದೆಯ ಎಷ್ಟೋ ಆದೇಶಗಳು ಇಂಗ್ಲಿಷಿನಲ್ಲೇ ಉಳಿದಿವೆ, ಕೆಲವು ಕನ್ನಡ ಪದಗಳು ತೊಡರುವಂತಿವೆ. ಈವರೆಗೆ ಆಗಿರುವ ಅನುವಾದದಲ್ಲಿ ಬಹಳಷ್ಟು ಸ್ವಯಂಸೇವಕರ ದುಡಿಮೆ. ತಪ್ಪು ಕಂಡವರು ತಿದ್ದಿ ಕಳಿಸಬಹುದು. ಒಪ್ಪಿಗೆಯಾದರೆ ಮುಂದಿನ ಆವೃತ್ತಿಯಲ್ಲಿ ಅದು ಎಲ್ಲರಿಗೂ ಸಿಗುತ್ತದೆ. ಕುಮಟಾ, ಹೊನ್ನಾವರ, ಭಟ್ಕಳದ ಕಾಲೇಜುಗಳಲ್ಲಿ ಗಣಕವನ್ನೂ ಕನ್ನಡವನ್ನೂ ಬಲ್ಲ ಮಕ್ಕಳಿಗೆ ಕೊರತೆಯಿಲ್ಲ. ಹಳೆಯ ಯಂತ್ರವೊಂದು, ಪೆನ್ ಡ್ರೈವೊಂದು, ಕರೆಂಟು ಹೋಗದ ಒಂದು ಭಾನುವಾರ ಸಿಕ್ಕಿದರೆ ಅವರು ಶುರು ಮಾಡಬಹುದು.