ಅಂಧವಾಚಕರೂ ಕನ್ನಡ ಗ್ರಂಥಪಾಠವೂ

ಟ್ಯಾಬ್ಲೆಟ್ಟಿನಲ್ಲಿ ಅಂಧರಿಗೆ ಗ್ರಂಥವನ್ನು ಓದಿಹೇಳುವ ತಂತ್ರಾಂಶವು ಪ್ರತಿಯೊಂದು ಅಕ್ಷರದ ಸಂಕೇತಸಂಖ್ಯೆಯನ್ನು ಹಿಡಿದು ಅದಕ್ಕೆ ಧ್ವನಿಗೊಡುತ್ತದೆ. ನಮ್ಮ ಅನೇಕ ಗ್ರಂಥಗಳಾದರೋ ಯೂನಿಕೋಡಿಗೆ ಹೊರತಾದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಾಗಿವೆ. ಕಣ್ಣಿಗೆ ಅವು ಶುದ್ಧ ಕನ್ನಡವೇ. ಒಳಗಿನ ಸಂಕೇತಗಳು ಮಾತ್ರ ರೋಮನ್ ಲಿಪಿಯವು. ಆದುದರಿಂದ ಅಂಧವಾಚಕನಿಗೆ ಕೇಳಿಬರುವುದು ಅರ್ಥವಿಲ್ಲದ ಗೊಂದಲ. ಪುಟದ ಛಾಯಾಪ್ರತಿಯಿಂದಂತೂ, ಅಕ್ಷರಗಳನ್ನು ಗುರುತಿಸಿ ತೆಗೆಯದ ಹೊರತು, ಮೌನವೇ ಗತಿ.

ಧ್ವನಿಪುಸ್ತಕವು ಕಾದಂಬರಿಗೆ ಸಾಕಾದೀತು. ಹಳಗನ್ನಡವನ್ನು ಬೋಧಿಸುವವನಿಗೆ ಸಾಲದು. ಱ, ೞಗಳು ಇಂದಿನ ಉಚ್ಚಾರಣೆಯಲ್ಲಿ ರ, ಳಗಳೊಡನೆ ಬೆರೆತುಹೋಗಿವೆಯಷ್ಟೆ. ಯೂನಿಕೋಡು ಇವೆರಡಕ್ಕೂ ಪ್ರತ್ಯೇಕ ಸ್ಥಾನವನ್ನಿತ್ತಿರುವುದರಿಂದ ಅಂತಹ ಪಾಠದಲ್ಲಿ ಅವನ್ನು ಹುಡುಕಿ ಬೇರ್ಪಡಿಸಬಹುದು. ಅಂಧರಿಗಾಗಿ ಇಂತಹ ಪ್ರತಿಗಳನ್ನು ಸಿದ್ಧಪಡಿಸಲು 2012ರ ಕೃತಿಸ್ವಾಮ್ಯ ತಿದ್ದುಪಡಿಯೇ ಅನುಮತಿಯಿತ್ತಿದೆ. ತೊಡಕು ಉಳಿದಿರುವುದು ನಾವು ಅಚ್ಚಿಗೆ ಕಳುಹಿಸುವ ಕಡತಗಳಲ್ಲಿ.