ಕಟ್ಟುನೀರಿನ ಮೀನಿನಲ್ಲಿ ಅಂಡವೃದ್ಧಿ ಮತ್ತು ಸಂತಾನೋತ್ಪತ್ತಿ

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು (1126–1138) ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವಿದೆ. ಮೀನಿನ ಜಾತಿಗಳನ್ನೂ ಅವುಗಳಿಗಿಕ್ಕುವ ಆಹಾರವನ್ನೂ ಗಾಳ ಹಾಕುವ ಕ್ರಮವನ್ನೂ ಅಲ್ಲಿ ಹೇಳಿದೆ. ಆ ವಂಶದ ಕಾಲದ ನಾಗಕುಂಡವು ಗಜೇಂದ್ರಗಡದ ಸಮೀಪದ ಸೂಡಿಯಲ್ಲಿ ಇಂದಿಗೂ ಉಂಟು. ನೀರನ್ನು ಕಟ್ಟಿ ನಿಲ್ಲಿಸುವ ವಿದ್ಯೆ ಈ ಸೀಮೆಗೆ ಹಳೆಯದು. ಆದರೆ ಹೊಳೆಯ ಮೀನು ನಿಂತ ನೀರಿನಲ್ಲಿ ಮೊಟ್ಟೆಯಿಡುವಂತೆ ಪ್ರೇರಿಸುವ ವಿದ್ಯೆ ಇಪ್ಪತ್ತನೆಯ ಶತಮಾನದ ನಡುವಿನದು. ಇತಿಹಾಸದ ಅಧ್ಯಾಪಕನು ಈ ವಿಷಯವನ್ನು ಕೈಗೊಂಡುದಕ್ಕೆ ಇದೇ ಕಾರಣ.

ಕಾಟ್ಲಾ, ರೋಹು, ಮೃಗಾಲ್ ಮೀನುಗಳಲ್ಲಿ, ಬೇಸಗೆಯ ಹಗಲು ದೀರ್ಘವಾಗಿ ನೀರು ಬೆಚ್ಚಗಾದಂತೆ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಾರ್ಮೋನು ಅಂಡಾಶಯವನ್ನು ಪ್ರಚೋದಿಸುತ್ತದೆ. ಅಂಡಾಶಯದ ಸ್ರಾವವು ಯಕೃತ್ತನ್ನು ಮುಟ್ಟುತ್ತದೆ. ಯಕೃತ್ತಿನಲ್ಲಿ ಸಿದ್ಧವಾದ ಪೋಷಕದ್ರವ್ಯವು ರಕ್ತದ ಮೂಲಕ ಬಂದು ಅಂಡದೊಳಗೆ ಶೇಖರವಾಗುತ್ತದೆ. ಹುಟ್ಟಲಿರುವ ಮರಿಗೆ ಇದೇ ಬುತ್ತಿ. ಇಷ್ಟೆಲ್ಲ ಕೆರೆಯಲ್ಲಿಯೂ ನಡೆಯುವುದು. ಅಂಡವು ಪೂರ್ಣಪಕ್ವವಾಗಿ ಬಿಡುಗಡೆಯಾಗಲು ಮಾತ್ರ ಮುಂಗಾರಿನ ಹರಿಯುವ ಹೊಸನೀರು ಬೇಕು. ಆ ಸೂಚನೆ ದೊರೆಯದಿದ್ದರೆ ಪಿಟ್ಯುಟರಿಯು ಸಾಕಷ್ಟು ಹಾರ್ಮೋನನ್ನು ಬಿಡದು. ತುಂಬಿದ ಅಂಡಗಳು ಒಡಲಿನಲ್ಲಿಯೇ ಕರಗುತ್ತವೆ. ಸಾಮಾನ್ಯ ಗೆಂಡೆಗೆ ಈ ತೊಡಕಿಲ್ಲ. ಅದು ನಿಂತ ನೀರಿನಲ್ಲಿಯೇ ಜಲಸಸ್ಯಗಳಿಗೆ ಅಂಟುವ ಮೊಟ್ಟೆಗಳನ್ನಿಡುತ್ತದೆ.

1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಆಲಿಕುಂಞಿ ಅವರು ಈ ಕೊರತೆಯನ್ನು ಹೊರಗಿನಿಂದ ತುಂಬಿಸುವುದರಲ್ಲಿ ಯಶಸ್ವಿಯಾದರು. ಬೇರೆ ಮೀನಿನ ಪಿಟ್ಯುಟರಿಯ ಸಾರವನ್ನು ಚುಚ್ಚಿದಾಗ ತಾಯಿಮೀನು ಮೊಟ್ಟೆಯಿಟ್ಟಿತು. ಈ ಕ್ರಮದಲ್ಲಿ ಹೆಣ್ಣಿಗೆ ಮೊದಲು ಕಿಲೋ ತೂಕಕ್ಕೆ 2–3 ಮಿಲಿಗ್ರಾಂ, ಸುಮಾರು 6 ಗಂಟೆಗಳ ಬಳಿಕ 5–8 ಮಿಲಿಗ್ರಾಂ ಸಾರವನ್ನು ಕೊಡುವರು. ಗಂಡಿಗೆ ಎರಡನೆಯ ಸಲ ಮಾತ್ರ 2–3 ಮಿಲಿಗ್ರಾಂ. ನೀರು ಸುಮಾರು 27 ಡಿಗ್ರಿ ಸೆಲ್ಸಿಯಸ್ ಇದ್ದರೆ, ಫಲಿತ ಮೊಟ್ಟೆಗಳು 14–18 ಗಂಟೆಗಳಲ್ಲಿ ಒಡೆದು ಮರಿಗಳು ಹೊರಬರುತ್ತವೆ. ಈಗ ಸಾರಕ್ಕೆ ಬದಲಾಗಿ ಕೃತಕ ಹಾರ್ಮೋನಿನ ಮದ್ದುಗಳೂ ಬಳಕೆಯಲ್ಲಿವೆ.

ರೋಣ, ನರಗುಂದಗಳ ಎರೆಯ ಸೀಮೆಗೆ ಇದರಿಂದೇನು? ಮಲಪ್ರಭೆ ಬಳಿಯಲ್ಲಿಯೇ ಹರಿದರೂ ಮಳೆಯನ್ನೇ ನಂಬಿದ ಇಲ್ಲಿನ ಕೆರೆಗಳಲ್ಲಿ ಎಲ್ಲ ವರ್ಷವೂ ನೀರು ನಿಲ್ಲದು. ಬತ್ತುವ ಕೆರೆಯಲ್ಲಿ ತಾಯಿಮೀನನ್ನು ಉಳಿಸಿಕೊಳ್ಳುವುದು ಅಸಾಧ್ಯ. ಆದುದರಿಂದ ಮರಿಗಳು ಹೊರಗಿನ ಉತ್ಪಾದನಾ ಕೇಂದ್ರಗಳಿಂದಲೇ ಬರಬೇಕು. ಕಾಟ್ಲಾ ಒಂದು ಕಿಲೋ ತೂಗಲು ಸುಮಾರು ಒಂದು ವರ್ಷ ಬೇಕು. ಮರಿ ತಡವಾಗಿ ಬಿದ್ದರೆ ಮೀನು ಬೆಳೆಯುವ ಮುನ್ನವೇ ಕೆರೆ ಬತ್ತುವುದು. ಪ್ರವಾಹಕ್ಕೆ ಕಾಯದೆ ಮರಿ ಪಡೆಯುವುದರ ಬೆಲೆ ಇಲ್ಲಿ ತಿಳಿಯುವುದು.

ಯಾವ ಕೆರೆಯಲ್ಲಿ ಎಷ್ಟು ತಿಂಗಳು ನೀರು ನಿಲ್ಲುವುದೆಂಬ ಲೆಕ್ಕವನ್ನು ಊರ ಹಿರಿಯರಿಂದಲೂ ದಾಖಲೆಗಳಿಂದಲೂ ಸಂಗ್ರಹಿಸುವುದು ಇತಿಹಾಸದ ವಿದ್ಯಾರ್ಥಿಗೆ ತಕ್ಕ ಕೆಲಸ. ಮೀನು ಸಾಕುವವನಿಗೆ ಮೊದಲು ಬೇಕಾದುದೂ ಆ ಲೆಕ್ಕವೇ.