ಕಂಬ ಹತ್ತುವ ವಿದ್ಯೆಯಲ್ಲ

ಕಳೆದ ಬೇಸಿಗೆಯ ಒಂದು ಸಂಜೆ ಹನೂರಿನ ಕಡೆಯ ರೈತರೊಬ್ಬರು ಮಗಳೊಡನೆ ಕೊಳ್ಳೇಗಾಲದ ನಮ್ಮ ಮನೆಗೆ ಬಂದರು. ಹುಡುಗಿ ನನ್ನ ವಿದ್ಯಾರ್ಥಿನಿ, ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕಗಳನ್ನು ಗಳಿಸಿದವಳು. ಬಂಧುಬಳಗವೆಲ್ಲ ಕಂಪ್ಯೂಟರ್ ಓದಿಸಬೇಕೆಂದರೆ, ಇವಳಿಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗೇ ಆಗಬೇಕೆಂಬ ಹಟ. ತಂದೆ ಕಾಫಿಯ ಲೋಟವನ್ನು ಕೆಳಗಿಟ್ಟು, “ಕಂಬ ಹತ್ತಾಕೆ ನಾಕು ವರ್ಸ ಓದ್ಬೇಕಾ ಮೇಷ್ಟ್ರೇ?” ಎಂದು ಕೇಳಿದರು.

ಕನ್ನಡ ಬೋಧಿಸುವ ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಬಲ್ಲವರನ್ನು ವಿಚಾರಿಸಿ, ಪುಸ್ತಕಗಳನ್ನು ತಿರುವಿ ನಾನು ತಿಳಿದುಕೊಂಡದ್ದು ಇಂಥದೇ ಚರ್ಚೆ ನಡೆಯುತ್ತಿರುವ ಇತರ ಮನೆಗಳಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಈ ವಿದ್ಯೆ ನಮ್ಮ ಸೀಮೆಗೆ ಅಪರಿಚಿತವಲ್ಲ. ಕೊಳ್ಳೇಗಾಲದ ನೆರೆಯಲ್ಲೇ ಕಾವೇರಿ ಎರಡು ಕವಲಾಗಿ ಧುಮುಕುವ ಶಿವನಸಮುದ್ರದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಯೋಜನೆ ೧೯೦೨ರಲ್ಲಿ ಫಲಿಸಿತು. ಅಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿದ್ದು ೧೯೦೫ರಲ್ಲಿ. ಕೊಳ್ಳೇಗಾಲವಾದರೋ ಜಲಪಾತದ ಮಗ್ಗುಲಲ್ಲೇ ಇದ್ದರೂ ೧೯೫೬ರವರೆಗೆ ಆಡಳಿತದಲ್ಲಿ ಮದರಾಸಿಗೆ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು.

ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸಿದ್ದು ಹೇಗೆ? ಈ ಪದವಿಯ ತಿರುಳು ಇದೇ ಪ್ರಶ್ನೆಯಲ್ಲಿದೆ. ತಂತಿಯಲ್ಲಿ ಹರಿಯುವ ಪ್ರವಾಹ ಹೆಚ್ಚಿದಷ್ಟೂ ತಂತಿ ಕಾಯುತ್ತದೆ. ಶಕ್ತಿ ದಾರಿಯಲ್ಲೇ ಸೋರಿಹೋಗುತ್ತದೆ. ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿಯನ್ನು ಸಾಗಿಸಲು ಹತ್ತರಲ್ಲಿ ಒಂದು ಪಾಲು ಪ್ರವಾಹ ಸಾಕು. ಅದೇ ತಂತಿಯಲ್ಲಿ ನಷ್ಟ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದಲೇ ಅಂದು ಸುಮಾರು ೩೦,೦೦೦ ವೋಲ್ಟಿಗೆ ಏರಿಸಿ ಕಳುಹಿಸಿದರು. ಏರಿಸುವುದೂ ಇಳಿಸುವುದೂ ಟ್ರಾನ್ಸ್‌ಫಾರ್ಮರಿನ ಕೆಲಸ.

ಆಗ ಯಂತ್ರಗಳು ಅಮೆರಿಕದಿಂದ ಬರಬೇಕಾಗಿತ್ತು. ಕಲಿಕೆಯ ಏರ್ಪಾಡು ಬಂದದ್ದು ಅನಂತರ. ೧೯೧೧ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಆರಂಭವಾದಾಗ ಮೊದಲ ವಿಭಾಗಗಳಲ್ಲಿ ವಿದ್ಯುತ್ ತಂತ್ರಶಾಸ್ತ್ರವೂ ಒಂದಾಗಿತ್ತು. ೧೯೧೭ರಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಎಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾಯಿತು. ಇಂದು ನಮ್ಮ ಮಕ್ಕಳು ಮೈಸೂರು, ಚಾಮರಾಜನಗರಗಳಲ್ಲಿಯೇ ಎಂಜಿನಿಯರಿಂಗ್ ಓದಬಹುದು.

ನಾಲ್ಕು ವರ್ಷಗಳಲ್ಲಿ ಕಲಿಯುವುದೇನು? ಮೊದಲ ವರ್ಷ ಬಹುಪಾಲು ಗಣಿತ, ಭೌತಶಾಸ್ತ್ರ ಮುಂತಾದ ತಳಹದಿಯ ವಿಷಯಗಳು. ಮುಂದೆ ವಿದ್ಯುನ್ಮಂಡಲಗಳು, ಟ್ರಾನ್ಸ್‌ಫಾರ್ಮರು, ಮೋಟಾರು, ಜನರೇಟರುಗಳು. ಬಳಿಕ ವಿದ್ಯುತ್ ಜಾಲದ ರಕ್ಷಣೆ, ನಿಯಂತ್ರಣ. ಕೊನೆಗೆ ಸ್ವತಂತ್ರವಾದೊಂದು ಪ್ರಾಜೆಕ್ಟು. ಗಣಿತವೆಂದರೆ ಹೆದರುವವರಿಗೆ ಇದು ಸುಲಭದ ಹಾದಿಯಲ್ಲ. ಕಂಪ್ಯೂಟರ್ ಓದಿದರೆ ಬೇಗ ಸಂಬಳ ಬಂದೀತೆಂಬ ಬಂಧುಗಳ ಮಾತನ್ನೂ ನಾನು ಹಗುರವಾಗಿ ತಳ್ಳಿಹಾಕಲಾರೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇನ್ನೊಂದು ತೊಡಕುಂಟು. ಹತ್ತನೆಯ ತರಗತಿಯಲ್ಲಿ “ವಿಭವಾಂತರ”ವೆಂದು ಕಲಿತದ್ದು ಪಿ.ಯು.ಸಿ.ಯಲ್ಲಿ ಬೇರೊಂದು ಹೆಸರು ಹೊತ್ತು ಎದುರಾಗುತ್ತದೆ. ನನ್ನ ವಿದ್ಯಾರ್ಥಿನಿ ಮೊದಲ ಆರು ತಿಂಗಳು ಇದರಿಂದಲೇ ಅತ್ತದ್ದುಂಟು. ಆಮೇಲೆ ಅವಳು ಒಂದು ನೋಟುಬುಕ್ಕಿನಲ್ಲಿ ಎರಡು ಭಾಷೆಯ ಹೆಸರುಗಳನ್ನೂ ಎದುರುಬದುರಾಗಿ ಬರೆದು, ಪ್ರತಿಯೊಂದರ ಕೆಳಗೂ ಅರ್ಥವನ್ನು ತನ್ನ ಮಾತಿನಲ್ಲೇ ಬರೆದುಕೊಂಡಳು. ಅರ್ಥ ಮನಸ್ಸಿನಲ್ಲಿ ನಿಂತ ಮೇಲೆ ಹೆಸರು ಕಾಡಲಿಲ್ಲ.

ಮರುವಾರ ತಂದೆಗೆ ಇದನ್ನೆಲ್ಲ ವಿವರಿಸಿದೆ. ಅವರು ಸುಮ್ಮನೆ ಕೇಳಿ, “ನಮ್ಗೆ ತ್ರೀ ಫೇಸ್ ರಾತ್ರಿನೇ ಯಾಕ್ ಕೊಡ್ತಾರೆ? ಆನೆ ಬರೋ ದಾರೀಲಿ ಮೋಟ್ರು ಹಾಕಾಕೆ ಹೋಗ್ಬೇಕಲ್ಲ,” ಎಂದರು.

ಉತ್ತರ ಕೊಟ್ಟವಳು ಮಗಳು. ಒಂದರ ಹಿಂದೊಂದು ಏರಿಳಿಯುವ ಮೂರು ಪ್ರವಾಹಗಳು ಕೂಡಿ ಮೋಟಾರಿನೊಳಗೆ ಸುತ್ತುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತವೆ. ಪಂಪು ತಿರುಗುವುದು ಅದರಿಂದ. ಎಲ್ಲ ಪಂಪುಗಳೂ ಒಟ್ಟಿಗೆ ತಿರುಗಿದರೆ ಜಾಲಕ್ಕೆ ಭಾರ ತಾಳದು, ಆದ್ದರಿಂದಲೇ ಸರದಿ. ಹಗಲಿನಲ್ಲೇ ಹುಟ್ಟುವ ಸೂರ್ಯಶಕ್ತಿಯನ್ನು ಪಂಪುಗಳಿಗೆ ತಿರುಗಿಸಿದರೆ ರಾತ್ರಿಯ ಸರದಿ ತಪ್ಪೀತು. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಂಥ ಕಾಡುಗಳಲ್ಲಿ, ತಂತಿ ಎಳೆಯಲು ತೊಡಕಿರುವ ಕಡೆ, ಸೂರ್ಯಫಲಕ ಮತ್ತು ಬ್ಯಾಟರಿಗಳಿಂದಲೇ ದೀಪ ಹಚ್ಚಬಹುದು. “ಇದನ್ನ ಲೆಕ್ಕ ಹಾಕೋರು ಬೇಕಲ್ಲಪ್ಪ,” ಎಂದಳು.

ತಂದೆ ಬಹಳ ಹೊತ್ತು ಮಾತನಾಡಲಿಲ್ಲ. ಹೊರಡುವಾಗ ಮಾತ್ರ, ಆಯ್ಕೆಯ ಪಟ್ಟಿಯಲ್ಲಿ ಮೊದಲು ಮಗಳು ಕೇಳಿದ್ದನ್ನೂ ಎರಡನೆಯದಾಗಿ ಅವಳ ಸೋದರಮಾವ ಹೇಳಿದ್ದನ್ನೂ ಬರೆಯಬೇಕೆಂದು ನನಗೆ ತಿಳಿಸಿದರು. ಹಾಗೆಯೇ ಬರೆದೆವು. ಮೊದಲನೆಯದೇ ಸಿಕ್ಕಿತು. ಹುಡುಗಿ ಈಗ ಮೈಸೂರಿನಲ್ಲಿದ್ದಾಳೆ. ಆ ನೋಟುಬುಕ್ಕು ನನ್ನ ಮೇಜಿನ ಮೇಲಿದೆ. ಮುಂದಿನ ತಂಡದ ಮಕ್ಕಳಿಗೆ ಕೊಡಿರೆಂದು ಬಿಟ್ಟುಹೋಗಿದ್ದಾಳೆ.